ಗಿಡವಾಗಿ ಬಗ್ಗದ ಬೇರು

ಮುಂಗಾರಿನ ಮೊದಲ ಮೋಡಗಳು ಚಾಮುಂಡಿಬೆಟ್ಟದ ನೆತ್ತಿಯನ್ನು ಮುಸುಕುತ್ತಲೇ ಮೈಸೂರಿನ ಸಸಿತೋಟಗಳಿಗೆ ಹೊಸ ಕಳೆ ಬರುತ್ತದೆ. ಕರಿಯ ಪ್ಲಾಸ್ಟಿಕ್ ಚೀಲಗಳಲ್ಲಿ ಸಾಲಾಗಿ ನಿಂತ ಆಲ, ಅತ್ತಿ, ಹುಣಸೆ, ದಾಳಿಂಬೆ, ಕಾಗದದ ಹೂವಿನ ಗಿಡಗಳನ್ನು ಕೊಳ್ಳಲು ಜನ ಬರುತ್ತಾರೆ. ಎಲೆಯ ಹೊಳಪನ್ನು ನೋಡುತ್ತಾರೆ, ಎತ್ತರವನ್ನು ಕಣ್ಣಿನಲ್ಲೇ ಅಳೆಯುತ್ತಾರೆ, ಹೂವಿದ್ದರೆ ಬಣ್ಣವನ್ನು ಮೆಚ್ಚುತ್ತಾರೆ, ಬೆಲೆಯಲ್ಲಿ ಚೌಕಾಸಿ ಮಾಡುತ್ತಾರೆ. ಆದರೆ ಗಿಡದ ಅರ್ಧ ಬಾಳು ಅಡಗಿರುವ ಚೀಲದ ಒಳಭಾಗವನ್ನು ಕುರಿತು ವಿಚಾರಿಸುವವರು ವಿರಳ. ಅಂಥ ಗಿಡವನ್ನು ಮುಂದೆ ಬೋನ್ಸಾಯ್ ಮಾಡಬೇಕೆಂಬ ಹಂಬಲವುಳ್ಳವರಿಗೆ ಆ ಚೀಲದೊಳಗಿನ ಸಂಗತಿಯೇ ಮೊದಲ ಪಾಠ. ಬಹುಮಟ್ಟಿಗೆ ಕೊನೆಯ ಪಾಠವೂ ಅದೇ.

ಬೋನ್ಸಾಯ್ ಎಂಬುದು ಜಪಾನೀ ಭಾಷೆಯ ಪದ. 'ಬೋನ್' ಎಂದರೆ ತಟ್ಟೆ, 'ಸಾಯ್' ಎಂದರೆ ನೆಡುವುದು. ಕಲೆಯ ಮೂಲ ಮಾತ್ರ ಚೀನಾ ದೇಶದ್ದು. ಕ್ರಿ.ಶ. 706ರ ಕಾಲದ ಒಬ್ಬ ತಾಂಗ್ ರಾಜಕುಮಾರನ ಸಮಾಧಿಯ ಭಿತ್ತಿಚಿತ್ರದಲ್ಲಿ ಪರಿಚಾರಕರು ತಟ್ಟೆಯಲ್ಲಿ ಪುಟ್ಟ ಗಿಡಗಳನ್ನು ಹಿಡಿದು ನಿಂತಿರುವುದನ್ನು ಇಂದಿಗೂ ಕಾಣಬಹುದು. ನಮ್ಮಲ್ಲಿ ಇದಕ್ಕೆ ವಾಮನವೃಕ್ಷವೆಂಬ ಹೆಸರು ರೂಢಿಗೆ ಬಂದಿದೆ. ಹೆಸರು ಒಪ್ಪುವಂಥದೇ. ವಾಮನನು ಕುಳ್ಳನೇ ಹೊರತು ಅಲ್ಪನಲ್ಲ. ಮೂರು ಹೆಜ್ಜೆ ನೆಲದಲ್ಲಿ ಮೂರು ಲೋಕವನ್ನು ಅಡಗಿಸಿದವನು. ಬೆಂಗಳೂರಿನ ಸಮೀಪದ ಕೇತೋಹಳ್ಳಿಯಲ್ಲಿ ಸುಮಾರು 3 ಎಕರೆ ನೆಲವನ್ನು ಆವರಿಸಿ ಹಬ್ಬಿರುವ ದೊಡ್ಡ ಆಲದ ಮರವೂ, ಅಂಗೈಯಗಲದ ತಟ್ಟೆಯಲ್ಲಿ ಬಿಳಲು ಬಿಟ್ಟು ನಿಂತ ಆಲವೂ ಒಂದೇ ಜಾತಿಯವು. ಅವುಗಳ ಬೀಜದಲ್ಲಿ ಭೇದವಿಲ್ಲ. ಭೇದವಿರುವುದು ಬೇರಿಗೆ ದೊರೆತ ನೆಲದಲ್ಲಿ ಮತ್ತು ಮನುಷ್ಯನ ಕೈಯಲ್ಲಿ.

ಈ ಕಲೆಯನ್ನು ಕಣ್ಣಾರೆ ಕಾಣಲು ಮೈಸೂರಿಗರು ದೂರ ಹೋಗಬೇಕಾದುದಿಲ್ಲ. ನಂಜನಗೂಡು ರಸ್ತೆಯಲ್ಲಿರುವ ಗಣಪತಿ ಸಚ್ಚಿದಾನಂದ ಆಶ್ರಮದ ಆವರಣದಲ್ಲಿ 'ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ'ವಿದೆ. ಅಲ್ಲಿ ನೂರಾರು ಕುಬ್ಜವೃಕ್ಷಗಳನ್ನು ಪೋಷಿಸಲಾಗಿದೆ. 2016ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಬೋನ್ಸಾಯ್ ಸಮ್ಮೇಳನವೊಂದು ಅದೇ ಆವರಣದಲ್ಲಿ ಜರುಗಿತು. ದಸರೆಯ ದಿನಗಳಲ್ಲಿ ಹಿಂದಿನ ನಿಷಾದ್‌ಬಾಗಾದ ಕುಪ್ಪಣ್ಣ ಉದ್ಯಾನದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಬಂದವರೂ ಹೂವಿನ ರಾಶಿಗಳ ನಡುವೆ ಇಂಥ ಮರಗಳ ಮುಂದೆ ಕಾಲು ತಡೆದು ನಿಲ್ಲುವುದುಂಟು. ಹಾಗೆ ನಿಂತವರಲ್ಲಿ ಹಲವರಿಗೆ 'ನಮ್ಮ ಮನೆಯಲ್ಲೂ ಒಂದಿದ್ದರೆ!' ಎನಿಸುತ್ತದೆ. ಆ ಆಸೆಯಿಂದಲೇ ತಪ್ಪುಗಳೂ ಆರಂಭವಾಗುತ್ತವೆ.

ಮೊದಲನೆಯ ತಪ್ಪು, ತಟ್ಟೆಯನ್ನು ಮೊದಲು ಕೊಳ್ಳುವುದು. ಮಿರುಗುವ ಪಿಂಗಾಣಿಯ ಚಪ್ಪಟೆ ಕುಂಡವೊಂದನ್ನು ತಂದು, ಸಸಿತೋಟದ ಬೆರಳುಗಾತ್ರದ ಗಿಡವನ್ನು ಅದರಲ್ಲಿ ಕೂರಿಸಿ, ತುದಿಯನ್ನು ಚಿವುಟಿ, ಇನ್ನು ನಾಲ್ಕು ವರ್ಷಕ್ಕೆ ಇದು ಮುದಿಮರದಂತೆ ಕಾಣುವುದೆಂದು ಕಾಯುತ್ತಾರೆ. ನಾಲ್ಕು ವರ್ಷ ಕಳೆದರೂ ಗಿಡ ಬೆರಳುಗಾತ್ರವನ್ನು ಬಿಟ್ಟು ಕದಲುವುದಿಲ್ಲ. ಕಾರಣ ಸರಳವಾಗಿದೆ. ಕಾಂಡ ದಪ್ಪವಾಗುವುದು ಎಲೆಗಳು ಬಿಸಿಲಿನಲ್ಲಿ ಅಡುಗೆ ಮಾಡಿ ಕೆಳಗೆ ಕಳುಹಿಸುವ ಆಹಾರದಿಂದ. ಎಲೆ ಹೆಚ್ಚಬೇಕಾದರೆ ಬೇರು ಹೆಚ್ಚಬೇಕು, ಬೇರು ಹೆಚ್ಚಬೇಕಾದರೆ ಎಡೆ ಬೇಕು. ಚಪ್ಪಟೆ ತಟ್ಟೆ ಬೆಳವಣಿಗೆಯನ್ನು ತಡೆಯುವ ಉಪಾಯವೇ ಹೊರತು ಬೆಳೆಸುವ ಉಪಾಯವಲ್ಲ. ಆದುದರಿಂದ ಅದು ಕಟ್ಟಕಡೆಗೆ ಬರತಕ್ಕ ವಸ್ತು. ಪುಟ್ಟದಾಗಿ ಕಾಣಬೇಕಾದ ಮರವನ್ನು ಮೊದಲು ಧಾರಾಳವಾಗಿ ಬೆಳೆಯಿಸಬೇಕು, ಅನಂತರ ಕುಗ್ಗಿಸಬೇಕು. ಈ ವಿಚಿತ್ರ ನಿಯಮವನ್ನು ಅರಿಯದವರು ಬೋನ್ಸಾಯಿಯ ಹೊಸ್ತಿಲಲ್ಲೇ ಎಡವುತ್ತಾರೆ.

ಎರಡನೆಯ ತಪ್ಪು ಕಣ್ಣಿಗೆ ಕಾಣದ್ದು. ಅದು ಚೀಲದೊಳಗೆ, ಗಿಡವನ್ನು ಕೊಳ್ಳುವ ಮೊದಲೇ ನಡೆದುಹೋಗಿರುತ್ತದೆ. ಬೀಜ ಮೊಳೆತಾಗ ತಾಯಿಬೇರು ನೆಟ್ಟಗೆ ಕೆಳಗಿಳಿಯುತ್ತದೆ. ಬಯಲಿನಲ್ಲಿ ಅದಕ್ಕೆ ತಡೆಯಿಲ್ಲ. ಚೀಲದಲ್ಲಾದರೋ ಒಂದು ಗೇಣು ಇಳಿಯುವಷ್ಟರಲ್ಲಿ ತಳ ತಾಗುತ್ತದೆ. ಮುಂದೆ ದಾರಿಯಿಲ್ಲದೆ ಅದು ಪಕ್ಕಕ್ಕೆ ಹೊರಳಿ ಚೀಲದ ಗೋಡೆಯನ್ನು ಅನುಸರಿಸಿ ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಪಕ್ಕದ ಬೇರುಗಳೂ ಅದನ್ನೇ ಅನುಸರಿಸುತ್ತವೆ. ಬೇರು ಬರಿಯ ನೂಲಿನೆಳೆಯಾಗಿರುವಾಗ ಈ ಸುತ್ತಾಟದಿಂದ ಹಾನಿಯೇನೂ ಕಾಣುವುದಿಲ್ಲ. ಆದರೆ ಮರದ ಕಾಂಡದಂತೆ ಬೇರೂ ವರ್ಷವರ್ಷಕ್ಕೆ ದಪ್ಪವಾಗತಕ್ಕದ್ದು. ನೂಲು ಹುರಿಯಾಗುತ್ತದೆ, ಹುರಿ ಹಗ್ಗವಾಗುತ್ತದೆ. ಹತ್ತು ವರ್ಷಗಳ ಮೇಲೆ, ಮರ ನೋಡಲು ಚೆಲುವಾಗಿ ರೂಪುಗೊಳ್ಳುವ ಸಮಯಕ್ಕೆ ಸರಿಯಾಗಿ, ತನ್ನದೇ ಬೇರು ತನ್ನದೇ ಬುಡವನ್ನು ಬಿಗಿಯತೊಡಗುತ್ತದೆ. ಆಹಾರ ಹರಿಯುವ ತೊಗಟೆಯ ನಾಳಗಳು ಅದುಮಿಹೋಗುತ್ತವೆ. ಒಂದು ಕಡೆಯ ಕೊಂಬೆಗಳು ಕಾರಣ ತಿಳಿಯದಂತೆ ಒಣಗುತ್ತವೆ. ಯಜಮಾನ ನೀರನ್ನು ದೂರುತ್ತಾನೆ, ಗೊಬ್ಬರವನ್ನು ದೂರುತ್ತಾನೆ, ಕಡೆಗೆ ದೃಷ್ಟಿ ತಾಗಿತೆಂದು ಹೇಳಿ ಸುಮ್ಮನಾಗುತ್ತಾನೆ. ನಿಜವಾದ ದೋಷ ಹತ್ತು ವರ್ಷಗಳ ಹಿಂದೆ ಬಿಡಿಸದೆ ಬಿಟ್ಟ ಒಂದು ಸುತ್ತಿನದು.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂದು ಹಿರಿಯರು ಮಕ್ಕಳನ್ನು ಕುರಿತು ಹೇಳಿದರು. ಕೊಂಬೆಗಳ ವಿಷಯದಲ್ಲಿ ಆ ಗಾದೆಗೆ ಅಷ್ಟಿಷ್ಟು ವಿನಾಯಿತಿಯುಂಟು. ತಂತಿ ಸುತ್ತಿ, ತೂಕ ಕಟ್ಟಿ, ಬಲಿತ ಕೊಂಬೆಯನ್ನೂ ಒಲಿಸಿಕೊಳ್ಳುವ ನಿಪುಣರಿದ್ದಾರೆ. ಬೇರಿನ ವಿಷಯದಲ್ಲಿ ಗಾದೆ ಬಹುಮಟ್ಟಿಗೆ ಅಕ್ಷರಶಃ ಸತ್ಯ. ಸಸಿತೋಟದಿಂದ ಬಂದ ಗಿಡಕ್ಕೆ ಮಾಡುವ ಮೊದಲ ಕುಂಡ ಬದಲಾವಣೆ ಬರಿಯ ವಸತಿ ಬದಲಾವಣೆಯಲ್ಲ. ಅದರ ಮುಂದಿನ ಐವತ್ತು ವರ್ಷಗಳ ಜಾತಕವನ್ನು ಬರೆಯುವ ಗಳಿಗೆ.

ಹೀಗಿರುವಲ್ಲಿ ಗಿಡವನ್ನು ಆರಿಸುವಾಗಲೇ ಎಚ್ಚರ ಬೇಕು. ಪೈನ್, ಜೂನಿಪರ್ ಮುಂತಾದ ಶೀತದೇಶದ ಮರಗಳ ಚಿತ್ರಗಳನ್ನು ಪುಸ್ತಕದಲ್ಲಿ ಕಂಡು ಮಾರುಹೋಗುವುದು ಸಹಜ. ಆದರೆ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿ, ಹಿಮವನ್ನೇ ಕಾಣದ ಮೈಸೂರಿನ ಹವೆಗೆ ನಮ್ಮ ನೆಲದ ಮರಗಳೇ ಮೇಲು. ಆಲ, ಅರಳಿ, ಅತ್ತಿ, ಬಸರಿಗಳೂ ಸಣ್ಣೆಲೆಯ ಇತರ ಫೈಕಸ್ ಜಾತಿಗಳೂ ಕಲಿಯುವವರ ತಪ್ಪನ್ನು ಕ್ಷಮಿಸುವ ಸ್ವಭಾವದವು. ಹುಣಸೆ, ದಾಳಿಂಬೆ, ಕಾಮಿನಿ, ಹಿಪ್ಪುನೇರಳೆ, ಕಾಗದದ ಹೂ ಇವು ಸ್ವಲ್ಪ ಅನುಭವ ಬಂದ ಮೇಲೆ ಕೈಹಾಕಲು ಯೋಗ್ಯವಾದವು. ಸಸಿತೋಟದಲ್ಲಿ ಗಿಡದ ಎತ್ತರಕ್ಕೆ ಬೆಲೆ ಕೊಡಬಾರದು, ಬುಡದ ದಪ್ಪಕ್ಕೆ ಕೊಡಬೇಕು. ಎಲೆ ಹುಳು ತಿಂದಿದ್ದರೂ ಚಿಂತೆಯಿಲ್ಲ, ಎಲೆ ಮತ್ತೆ ಬರುತ್ತದೆ. ಮಾಲಿಯ ಅಪ್ಪಣೆ ಪಡೆದು ಬುಡದ ಮಣ್ಣನ್ನು ಬೆರಳಿನಿಂದ ಒಂದೆರಡು ಅಂಗುಲ ಕೆದಕಿ ನೋಡಿದರೆ ಮೊದಲ ಬೇರುಗಳು ಕಾಂಡದಿಂದ ಎಲ್ಲಿ ಹೊರಟಿವೆಯೆಂಬುದು ತಿಳಿಯುತ್ತದೆ. ಸುತ್ತಲೂ ನಾಲ್ಕು ದಿಕ್ಕಿಗೆ ಹರಡಿದ ಬೇರುಗಳಿದ್ದರೆ ಭಾಗ್ಯವೆಂದೇ ತಿಳಿಯಬೇಕು. ಜಪಾನೀಯರು ಈ ಮೇಲ್ಬೇರುಗಳ ಹರವನ್ನು 'ನೆಬಾರಿ' ಎಂದು ಕರೆದು ಬೋನ್ಸಾಯಿಯ ಲಕ್ಷಣಗಳಲ್ಲಿ ಅದಕ್ಕೆ ಅಗ್ರಸ್ಥಾನ ಕೊಡುತ್ತಾರೆ. ಆನೆಯ ಪಾದದಂತೆ ನೆಲವನ್ನು ಹಿಡಿದು ನಿಂತ ಬುಡವೇ ನೋಡುವವನ ಮನಸ್ಸಿನಲ್ಲಿ 'ಇದು ಹಳೆಯ ಮರ' ಎಂಬ ಭಾವವನ್ನು ಹುಟ್ಟಿಸತಕ್ಕದ್ದು.

ಸಿದ್ಧ ಬೋನ್ಸಾಯ್ ಎಂಬ ಹೆಸರಿನಲ್ಲಿ ಈಚೆಗೆ ಮಾರಾಟಕ್ಕೆ ಬರುವ, ಗೆಡ್ಡೆಯಂತೆ ಉಬ್ಬಿದ ಬೇರಿನ ಮೇಲೆ ಬೇರೊಂದು ಫೈಕಸ್ಸಿನ ಎಲೆ ಕಸಿಮಾಡಿದ ಗಿಡಗಳನ್ನು ಕುರಿತು ಒಂದು ಮಾತು. ಮನೆಯಲ್ಲಿ ಹಸಿರಾಗಿ ಇಟ್ಟುಕೊಳ್ಳಲು ಅವು ಚೆನ್ನ. ಆದರೆ ಕಸಿಯ ಗಾಯ ಕಾಂಡದ ಮಧ್ಯದಲ್ಲೇ ಉಳಿಯುವುದರಿಂದ ಮರದ ಸಹಜವಾದ ಇಳಿಜಾರು ಅವುಗಳಿಗೆ ಸುಲಭವಾಗಿ ಒದಗುವುದಿಲ್ಲ. ಇದಕ್ಕೆ ಪ್ರತಿಯಾಗಿ, ಊರಿನ ಹಳೆಯ ಗೋಡೆಗಳ ಬಿರುಕಿನಲ್ಲಿ ಹಕ್ಕಿಗಳು ಬಿತ್ತಿದ ಅರಳಿಯ ಸಸಿಗಳು ಎಷ್ಟಿಲ್ಲ! ಕಟ್ಟಡಗಳಿಗೆ ಅವು ಶತ್ರುಗಳು. ಬೇರು ಬಲಿತರೆ ಗಾರೆಯನ್ನೇ ಸೀಳುತ್ತವೆ. ಬೋನ್ಸಾಯ್ ಮಾಡುವವರಿಗೆ ಅವೇ ಮಿತ್ರರು. ಕಿರಿದಾದ ಎಡೆಯಲ್ಲಿ ಬೇರನ್ನು ಚಪ್ಪಟೆಯಾಗಿ ಹರಡುವ ವಿದ್ಯೆಯನ್ನು ಹುಟ್ಟಿನಿಂದಲೇ ಕಲಿತವು. ಗೋಡೆಯ ಒಡೆಯರ ಒಪ್ಪಿಗೆ ಪಡೆದು ಅಂಥ ಸಸಿಯನ್ನು ನಾಜೂಕಾಗಿ ಬಿಡಿಸಿ ತಂದರೆ ಇಬ್ಬರಿಗೂ ಉಪಕಾರವಾಗುತ್ತದೆ.

ಇನ್ನು ಕಾಲ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬ ಒಕ್ಕಲಿಗರ ಮಾತು ಇಲ್ಲಿಯೂ ದಾರಿ ತೋರಿಸುತ್ತದೆ. ಏಪ್ರಿಲ್ ಕೊನೆಯಿಂದ ಬೀಳುವ ಭರಣಿ, ಕೃತ್ತಿಕೆಯ ಮಳೆಗಳು ಬೇಸಿಗೆಯ ಝಳವನ್ನು ತಗ್ಗಿಸುತ್ತವೆ. ಆಲದ ಜಾತಿಯ ಗಿಡಗಳಲ್ಲಿ ಕೆಂಚು ಚಿಗುರು ಏಳುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ, ಮೃಗಶಿರೆ ಮತ್ತು ಆರಿದ್ರೆಯ ಹೊತ್ತಿಗೆ, ಮೈಸೂರಿನ ಆಕಾಶ ದಿನಗಟ್ಟಲೆ ಮೋಡ ಮುಸುಕಿರುತ್ತದೆ. ಮಲೆನಾಡಿನ ಜಡಿಮಳೆ ಇಲ್ಲಿಲ್ಲ, ತುಂತುರು ಮತ್ತು ತಂಗಾಳಿ. ಗಾಳಿಯಲ್ಲಿ ತೇವವಿರುತ್ತದೆ, ಬಿಸಿಲು ಮೃದುವಾಗಿರುತ್ತದೆ, ಗಿಡ ಬೆಳೆಯುವ ಹುಮ್ಮಸ್ಸಿನಲ್ಲಿರುತ್ತದೆ. ಬೇರಿಗೆ ಕತ್ತರಿಯಿಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇರೊಂದಿಲ್ಲ. ಮಾರ್ಚಿಯ ಒಣಬಿಸಿಲಿನಲ್ಲಾಗಲಿ ಡಿಸೆಂಬರಿನ ಚಳಿಯಲ್ಲಿ ಗಿಡ ತೂಕಡಿಸುತ್ತಿರುವಾಗಾಗಲಿ ಇವುಗಳ ಬೇರನ್ನು ಕೆದಕುವುದು ಬುದ್ಧಿವಂತಿಕೆಯಲ್ಲ.

ಮಣ್ಣಿನ ವಿಷಯದಲ್ಲಿ ಹೆಚ್ಚಿನ ಜನ ಮೋಸಹೋಗುವುದುಂಟು. ಮೈಸೂರು ಸೀಮೆಯ ಕೆಂಪುಮಣ್ಣು ಹೊಲಕ್ಕೆ ಒಳ್ಳೆಯದು. ಅದೇ ಮಣ್ಣನ್ನು ಆಳವಿಲ್ಲದ ಕುಂಡಕ್ಕೆ ತುಂಬಿದರೆ ನೀರು ಕುಡಿದು ಕುಡಿದು ಗಟ್ಟಿಯಾಗಿ ಇಟ್ಟಿಗೆಯಾಗುತ್ತದೆ. ಕುಂಡ ಆಳವಿಲ್ಲದಷ್ಟೂ ಮಣ್ಣು ಹೆಚ್ಚು ಹೊತ್ತು ಹಸಿಯಾಗಿರುವುದೆಂಬ ಸಂಗತಿ ಮೊದಲ ನೋಟಕ್ಕೆ ನಂಬುವಂತಿಲ್ಲ. ನೀರಿನಲ್ಲಿ ನೆನೆಸಿದ ಸ್ಪಂಜನ್ನು ಅಂಗೈಯ ಮೇಲೆ ಮಲಗಿಸಿ ಹಿಡಿದು ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನಿಲ್ಲಿಸಿ ಹಿಡಿದರೆ ಮತ್ತಷ್ಟು ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಹೆಚ್ಚಿತು, ನೀರು ಇಳಿಯಿತು. ಚಪ್ಪಟೆ ಕುಂಡ ಮಲಗಿಸಿದ ಸ್ಪಂಜಿನಂತೆ ತಳದಲ್ಲಿ ನೀರನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಗಾಳಿಯಾಡದೆ ಬೇರು ಕೊಳೆಯುತ್ತದೆ. ಇದಕ್ಕೆ ಪರಿಹಾರ, ನುಣುಪು ಮಣ್ಣಿನ ಬದಲು ಹರಳುಹರಳಾದ ಮಿಶ್ರಣವನ್ನು ಬಳಸುವುದು. ಜಪಾನಿನವರು ಅಕಡಾಮಾ ಎಂಬ ಜ್ವಾಲಾಮುಖಿ ಬೂದಿಯ ಹರಳುಮಣ್ಣನ್ನು ಬಳಸುತ್ತಾರೆ. ಅದನ್ನು ದುಬಾರಿ ಹಣ ತೆತ್ತು ತರಿಸುವ ಅಗತ್ಯವಿಲ್ಲ. ಚೆನ್ನಾಗಿ ಬೆಂದ ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, 2ರಿಂದ 5 ಮಿಲಿಮೀಟರ್ ಗಾತ್ರದ ಚೂರುಗಳನ್ನು ಇಟ್ಟುಕೊಂಡು ಪುಡಿಯನ್ನು ಬಿಸುಟರೆ ಸಾಕು. ಅಂಥ ಚೂರು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಪೂರ್ತಿ ಕಳಿತ ಕೊಟ್ಟಿಗೆಗೊಬ್ಬರ ಅಥವಾ ಎಲೆಗೊಬ್ಬರ ಒಂದು ಪಾಲು ಬೆರಸಬಹುದು. ಅರೆಬೆಂದ ಇಟ್ಟಿಗೆ ಒಂದೇ ಮಳೆಗಾಲಕ್ಕೆ ಕರಗಿ ಕೆಸರಾಗುವುದರಿಂದ ಅದು ಬೇಡ. ಈಗ ಎಲ್ಲೆಡೆ ದೊರೆಯುವ ಕಲ್ಲುಪುಡಿಯ ಎಂ-ಸ್ಯಾಂಡನ್ನು ಬಳಸುವುದಾದರೆ ಅದರ ನುಣುಪು ಧೂಳನ್ನು ಜರಡಿಯಾಡಿ ತೆಗೆದುಹಾಕಬೇಕು.

ಕುಂಡವೂ ಹಾಗೆಯೇ. ಮೊದಲ ಕೆಲವು ವರ್ಷಗಳಿಗೆ ಅಗಲವಾದ, ಒಂದು ಗೇಣಿಗೆ ಮೀರದ ಆಳದ ಸುಟ್ಟಮಣ್ಣಿನ ಕುಂಡ ಸಾಕು. ಅದರ ಗೋಡೆ ಉಸಿರಾಡುತ್ತದೆ, ಬೆಲೆಯೂ ಕಡಮೆ. ತಳದಲ್ಲಿ ಎರಡು ಮೂರು ಧಾರಾಳವಾದ ರಂಧ್ರಗಳಿರಬೇಕು. ಅವುಗಳ ಮೇಲೆ ಸೊಳ್ಳೆಪರದೆಯ ಬಲೆಯ ತುಂಡನ್ನು ಹಾಸಿದರೆ ಮಿಶ್ರಣ ಸೋರುವುದಿಲ್ಲ.

ಮಿಶ್ರಣ, ಕುಂಡ, ಹರಿತವಾದ ಕತ್ತರಿ, ಬಿದಿರಿನ ಕಡ್ಡಿ, ಒಂದು ಬಕೆಟ್ ನೀರು ಎಲ್ಲವನ್ನೂ ಸಿದ್ಧಮಾಡಿಕೊಂಡ ಮೇಲೆಯೇ ಚೀಲವನ್ನು ಹರಿಯತಕ್ಕದ್ದು. ಗಾಳಿಗೆ ತೆರೆದ ಎಳೆಬೇರು ನಿಮಿಷಗಳಲ್ಲಿ ಒಣಗುವುದರಿಂದ ನಡುವೆ ಜರಡಿ ಹುಡುಕಲು ಎದ್ದುಹೋಗುವಂತಾಗಬಾರದು. ಕೆಲಸ ನೆರಳಿನಲ್ಲಿ ನಡೆಯಬೇಕು. ಚೀಲವನ್ನು ತೆಗೆದೊಡನೆ ಬೇರಿನ ಮುದ್ದೆ ಚೀಲದ ಆಕಾರದಲ್ಲೇ ನಿಲ್ಲುತ್ತದೆ. ಬಿದಿರಿನ ಕಡ್ಡಿಯಿಂದ ಅಂಚಿನಿಂದ ಆರಂಭಿಸಿ, ಹೆಣಿಕೆ ಬಿದ್ದ ಕೂದಲನ್ನು ತಾಯಿ ಬಿಡಿಸುವ ತಾಳ್ಮೆಯಲ್ಲಿ, ಹೊರಮುಖವಾಗಿ ಮಣ್ಣನ್ನು ಉದುರಿಸುತ್ತ ಬರಬೇಕು. ಬಿಡದ ಮಣ್ಣನ್ನು ನೀರಿನಲ್ಲಿ ಅದ್ದಿ ತೊಳೆಯಬಹುದು. ಆಗ ಬುಡದ ನಿಜವಾದ ಸ್ಥಿತಿ ಕಾಣುತ್ತದೆ. ಸುತ್ತಿಕೊಂಡ ಬೇರು, ಒಂದರ ಮೇಲೊಂದು ಹಾದ ಬೇರು, ಮೇಲಕ್ಕೆ ತಿರುಗಿದ ಬೇರು, ಕೊಳೆತು ಕಪ್ಪಾದ ಬೇರು ಇವೆಲ್ಲವನ್ನೂ ಕತ್ತರಿಸಬೇಕು. ಪಕ್ಕಕ್ಕೆ ಹರಡಿದ ಸಣ್ಣ ಬೇರುಗಳನ್ನು ಉಳಿಸಬೇಕು.

ಆಮೇಲೆ ತಾಯಿಬೇರಿನ ಸರದಿ. ಕೈ ನಡುಗುವ ಗಳಿಗೆ ಇದೇ. ಗಿಡದ ಆಧಾರವೆಂದು ಬಾಲ್ಯದಿಂದ ಓದಿದ ಬೇರನ್ನು ಕತ್ತರಿಸಿ ಎಸೆಯಲು ಧೈರ್ಯ ಬರುವುದಿಲ್ಲ. ಆದರೆ ದಪ್ಪವಾದ ತಾಯಿಬೇರು ಮುಖ್ಯವಾಗಿ ಮರವನ್ನು ನೆಲಕ್ಕೆ ಬಿಗಿಯುವ ಗೂಟ ಮತ್ತು ಆಹಾರದ ಕಣಜ. ನೀರನ್ನು ಹೀರುವ ಕೆಲಸವನ್ನು ಮಾಡತಕ್ಕವು ತುದಿಯ ಎಳೆಬೇರುಗಳು. ಪಕ್ಕದ ಬೇರುಗಳು ತಕ್ಕಷ್ಟು ಇದ್ದಲ್ಲಿ, ಆಲದ ಜಾತಿಯ ಗಿಡಗಳಲ್ಲಿ ಅವುಗಳ ಕೆಳಗೆ ತಾಯಿಬೇರನ್ನು ಒಮ್ಮೆಗೇ ಅಡ್ಡವಾಗಿ ಕತ್ತರಿಸಬಹುದು. ಸುರಿಯುವ ಹಾಲನ್ನು ಒದ್ದೆಬಟ್ಟೆಯಿಂದ ಒರಸಬೇಕು. ಕಣ್ಣಿಗೆ, ಚರ್ಮಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಪಕ್ಕದ ಬೇರುಗಳು ಕಡಮೆಯಿದ್ದರೆ ಅವಸರ ಸಲ್ಲದು: ಈ ವರ್ಷ ತಾಯಿಬೇರನ್ನು ಅರ್ಧಕ್ಕೆ ಇಳಿಸಿ, ಮರುವರ್ಷ ಉಳಿದುದನ್ನು ತೆಗೆಯಬೇಕು. ಹುಣಸೆ, ದಾಳಿಂಬೆಗಳಿಗೆ ಈ ಎರಡು ಕಂತಿನ ಪದ್ಧತಿಯೇ ಕ್ಷೇಮಕರ. ಕಾಗದದ ಹೂವಿನ ಗಿಡದ ಬೇರು ಬಲು ಸೂಕ್ಷ್ಮವಾದುದರಿಂದ ಅದರ ಮಣ್ಣನ್ನು ಪೂರ್ತಿ ತೊಳೆಯದೆ, ಅಂಚಿನ ಸುತ್ತುಗಳನ್ನು ಮಾತ್ರ ಬಿಡಿಸುವುದು ಲೇಸು.

ಬೇರು ಕಡಮೆಯಾದಷ್ಟಕ್ಕೆ ಎಲೆಯ ಭಾರವನ್ನೂ ಇಳಿಸಬೇಕು. ಎಲೆಗಳು ಹಗಲೆಲ್ಲ ನೀರನ್ನು ಆವಿಯಾಗಿ ಬಿಡುತ್ತಿರುತ್ತವೆ. ತರುವ ಕೈ ಕಡಮೆಯಾಗಿ ತಿನ್ನುವ ಬಾಯಿ ಹೆಚ್ಚಾದ ಸಂಸಾರದಂತೆ ಗಿಡ ಸೊರಗುತ್ತದೆ. ಹಾಗೆಂದು ಎಲ್ಲ ಎಲೆಯನ್ನೂ ಬೋಳಿಸುವುದು ಮತ್ತೊಂದು ತಪ್ಪು. ಹೊಸ ಬೇರು ಮೂಡುವಂತೆ ಪ್ರೇರಿಸುವ ರಸ ಚಿಗುರುತುದಿಗಳಲ್ಲಿಯೇ ಹುಟ್ಟಿ ಕೆಳಗಿಳಿಯತಕ್ಕದ್ದು. ಉದ್ದವಾದ ರೆಂಬೆಗಳನ್ನು ಮೊಟಕುಮಾಡಿ, ದೊಡ್ಡ ಎಲೆಗಳನ್ನು ಕೆಲವು ತೆಗೆದು, ತುದಿಯ ಕೆಲವು ಕುಡಿಗಳನ್ನು ಉಳಿಸಿದರೆ ಮೇಲೂ ಕೆಳಗೂ ಲೆಕ್ಕ ಸರಿಹೋಗುತ್ತದೆ.

ಗಿಡವನ್ನು ಹೊಸ ಕುಂಡದಲ್ಲಿ ಕೂರಿಸುವಾಗ ತಳದಲ್ಲಿ ಮಿಶ್ರಣದ ಚಿಕ್ಕ ದಿಬ್ಬ ಮಾಡಿ, ಅದರ ಮೇಲೆ ಬೇರುಗಳನ್ನು ಛತ್ರಿಯ ಕಡ್ಡಿಗಳಂತೆ ಸುತ್ತಲೂ ಹರಡಬೇಕು. ಕುಂಡದ ರಂಧ್ರಗಳಿಂದ ಮೇಲಕ್ಕೆ ತಂದ ತಂತಿಯಿಂದ ಬುಡವನ್ನು ಅಲುಗದಂತೆ ಕಟ್ಟಬೇಕು. ಈ ಕಟ್ಟನ್ನು ಹಲವರು ಬಿಟ್ಟುಬಿಡುತ್ತಾರೆ. ಗಾಳಿಗೆ ಗಿಡ ಅಲುಗಿದಾಗಲೆಲ್ಲ ಆಗತಾನೆ ಮೂಡಿದ ಕೂದಲೆಳೆಯ ಬೇರುಗಳು ಹರಿದುಹೋಗುತ್ತವೆ. ಗಿಡ ಮತ್ತೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಮಿಶ್ರಣವನ್ನು ತುಂಬುತ್ತ ಬಿದಿರಿನ ಕಡ್ಡಿಯಿಂದ ಬೇರಿನ ಸಂದುಗಳಿಗೆ ಮೆಲ್ಲನೆ ಇಳಿಸಬೇಕು. ಕಡೆಗೆ, ತಳದಿಂದ ಹೊರಬರುವ ನೀರು ತಿಳಿಯಾಗುವವರೆಗೂ ಹೂದಾನಿಯಿಂದ ನೀರೆರೆಯಬೇಕು.

ಅನಂತರದ ಎರಡು ಮೂರು ವಾರಗಳು ಬಾಣಂತನದ ದಿನಗಳು. ಬಿರುಬಿಸಿಲು ತಾಗದ, ಬೆಳಕು ಧಾರಾಳವಾಗಿರುವ ಜಗಲಿಯೋ ಮರದ ನೆರಳೋ ಸಾಕು. ಮೇಲ್ಮಣ್ಣು ಆರತೊಡಗಿದಾಗ ಮಾತ್ರ ನೀರು. ಗೊಬ್ಬರವನ್ನು ಒಂದು ತಿಂಗಳಿಗೂ ಮಿಕ್ಕಿ ತೋರಿಸಬಾರದು; ಗಾಯದ ಬೇರಿಗೆ ಗೊಬ್ಬರದ ಉಪ್ಪು ಉರಿಯೇ ಹೊರತು ಊಟವಲ್ಲ. ಆಲದ ಜಾತಿಗಳು ಹಲವು ವೇಳೆ ಇದ್ದ ಎಲೆಗಳನ್ನೆಲ್ಲ ಹಳದಿಮಾಡಿ ಉದುರಿಸುತ್ತವೆ. ಇದನ್ನು ಕಂಡು ಗಿಡ ಸತ್ತಿತೆಂದು ತಿಪ್ಪೆಗೆ ಎಸೆದವರಿದ್ದಾರೆ; ಬೇರು ಬಿಟ್ಟಿದೆಯೇ ಎಂದು ವಾರಕ್ಕೊಮ್ಮೆ ಕಿತ್ತು ನೋಡಿ ನಿಜವಾಗಿಯೇ ಕೊಂದವರೂ ಇದ್ದಾರೆ. ಉಗುರಿನಿಂದ ತೊಗಟೆಯನ್ನು ಎಳ್ಳಷ್ಟು ಗೀರಿ ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆ, ಕಾಯಬೇಕು. ತುದಿಯಲ್ಲಿ ಮೊಳಕೆಯೊಂದು ಚೂಪಾಗಿ ಇಣುಕಿದ ದಿನ ಗಿಡ ತನ್ನ ಹೊಸ ಮನೆಯನ್ನು ಒಪ್ಪಿಕೊಂಡಿತೆಂದು ಅರ್ಥ.

ಒಪ್ಪಿಕೊಂಡ ಮೇಲೆ ಅದನ್ನು ಸ್ವೇಚ್ಛೆಯಾಗಿ ಬೆಳೆಯಬಿಡಬೇಕು. ಹಿತ್ತಿಲಿನಲ್ಲಿ ನೆಲವಿದ್ದವರು ಬೇರಿನಡಿಯಲ್ಲಿ ಒಂದು ಚಪ್ಪಟೆ ಹೆಂಚನ್ನೋ ಕಡಪ ಕಲ್ಲನ್ನೋ ಇಟ್ಟು ನೆಲದಲ್ಲೇ ನೆಟ್ಟರೆ ಇನ್ನೂ ಉತ್ತಮ. ಹೆಂಚು ಕೆಳದಾರಿಯನ್ನು ಮುಚ್ಚುವುದರಿಂದ ಬೇರು ಪಕ್ಕಕ್ಕೆ ಹರಡುತ್ತದೆ, ಕಾಂಡ ಬೇಗ ದಪ್ಪವಾಗುತ್ತದೆ. ಕಾಂಡ ಬಯಸಿದ ಗಾತ್ರಕ್ಕೆ ಬಂದ ಮೇಲೆ ಅದನ್ನು ಮೊಟಕುಗೊಳಿಸಿ ಹೊಸ ತುದಿಯನ್ನು ಎಬ್ಬಿಸುವುದು, ಕೊಂಬೆಗಳನ್ನು ಆರಿಸುವುದು, ತಂತಿ ಸುತ್ತುವುದು. ಒಂದೆರಡು ವರ್ಷಕ್ಕೊಮ್ಮೆ ಬೇರನ್ನು ತೆರೆದು ನೋಡಿ ಮತ್ತೆ ತಿದ್ದುವುದು. ಇಷ್ಟೆಲ್ಲ ಆದ ಬಳಿಕ, ಐದೋ ಎಂಟೋ ವರ್ಷಗಳಿಗೆ, ಆ ಮಿರುಗುವ ತಟ್ಟೆಯ ಯೋಗ.

ಇಲ್ಲಿ ಸಹೃದಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದಿರದು. ಮುಗಿಲಿಗೆ ಏರಬೇಕಾದ ಮರವನ್ನು ಹೀಗೆ ಕತ್ತರಿಸಿ ಕುಗ್ಗಿಸುವುದು ಹಿಂಸೆಯಲ್ಲವೇ? ಪ್ರಶ್ನೆ ಹಗುರವಾದುದಲ್ಲ. ಅದನ್ನು ನಕ್ಕು ತಳ್ಳಿಹಾಕುವವನ ಕೈಗೆ ಕತ್ತರಿ ಕೊಡದಿರುವುದೇ ಮೇಲು. ಆದರೆ ಇದೇ ಸೀಮೆಯ ರೇಷ್ಮೆ ಬೇಸಾಯಗಾರ ಹಿಪ್ಪುನೇರಳೆಯ ಗಿಡವನ್ನು ಬುಡದವರೆಗೂ ಕತ್ತರಿಸುತ್ತಾನೆ. ಅದು ಮತ್ತೆ ದಟ್ಟವಾಗಿ ಚಿಗುರುತ್ತದೆ. ಕಾವೇರಿಯ ನಾಲೆಗಳ ಕೆಳಗಿನ ಗದ್ದೆಗಳಲ್ಲಿ ಹೆಂಗಸರು ಒಟ್ಲುಪಾತಿಯಿಂದ ಭತ್ತದ ಪೈರನ್ನು ಬೇರು ಹರಿಯುವಂತೆ ಕಿತ್ತು ನಾಟಿ ಮಾಡುತ್ತಾರೆ. ಕೆಲವು ದಿನ ಬಾಡಿದ ಪೈರು ತಲೆಯೆತ್ತಿ ತೆಂಡೆಯೊಡೆಯುತ್ತದೆ. ಸಸ್ಯದ ಬದುಕಿನಲ್ಲಿ ಕಡಿತವೇ ಮರಣವಲ್ಲ. ಸಸ್ಯಕ್ಕೆ ನಿಜವಾದ ಹಿಂಸೆ ಅಲಕ್ಷ್ಯ. ತನ್ನ ಬೇರಿನಿಂದ ತಾನೇ ಬಿಗಿದುಕೊಳ್ಳುತ್ತ ಕರಿಯ ಚೀಲದಲ್ಲಿ ವರ್ಷಗಟ್ಟಲೆ ನಿಂತ ಗಿಡದ ಪಾಡು, ಒಮ್ಮೆ ಕತ್ತರಿಗೆ ಒಡ್ಡಿಕೊಂಡು ಬಿಡುಗಡೆ ಪಡೆದ ಗಿಡದ ಪಾಡಿಗಿಂತ ಹೀನವಾದುದು. ಚಪ್ಪಟೆ ತಟ್ಟೆಯಲ್ಲಿನ ಮರಕ್ಕೆ ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೂ ಪ್ರಾಣಾಪಾಯ. ಅದನ್ನು ಕುಗ್ಗಿಸಿದವನು ಆ ಕ್ಷಣದಿಂದಲೇ ಅದರ ನೆಲವೂ ಮಳೆಯೂ ಆಗುವ ಹೊಣೆಯನ್ನು ಹೊತ್ತಿರುತ್ತಾನೆ. ಆ ಹೊಣೆಯನ್ನು ಹೊರಲಾರದವನು ಗಿಡವನ್ನು ಬಯಲಿನಲ್ಲಿ ನೆಟ್ಟು ಕೈಮುಗಿಯುವುದು ಧರ್ಮ.

ಹೊಣೆಯ ಮಾತು ಬಂದಲ್ಲಿ ಆಯುಸ್ಸಿನ ಮಾತೂ ಬರುತ್ತದೆ. ಮೈಸೂರು ಪಿಂಚಣಿದಾರರ ಊರೆಂದು ಹೆಸರಾದದ್ದು. ಅರವತ್ತು ದಾಟಿದ ಮೇಲೆ ಬಿಡುವು ದೊರೆತು ಈ ಹವ್ಯಾಸಕ್ಕೆ ಕೈಹಾಕುವವರು 'ಇದು ಮರವಾಗುವುದನ್ನು ನೋಡಲು ನಾವಿರುತ್ತೇವೆಯೇ?' ಎಂದು ಕೇಳುವುದು ಸಹಜ. ಅಮೆರಿಕದ ವಾಷಿಂಗ್ಟನ್ ನಗರದ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದಲ್ಲಿ ಒಂದು ಬಿಳಿಯ ಪೈನ್ ಮರವಿದೆ. 1625ರಿಂದ ಅದು ಕುಂಡದಲ್ಲಿ ಬೆಳೆದದ್ದು. ಜಪಾನಿನ ಹಿರೋಷಿಮಾದಲ್ಲಿ ಯಮಾಕಿ ಮನೆತನದವರ ತೋಟದಲ್ಲಿತ್ತು. 1945ರ ಆಗಸ್ಟ್ 6ರಂದು ಊರಿನ ಮೇಲೆ ಅಣುಬಾಂಬು ಬಿದ್ದಾಗ ಆ ತೋಟದ ಎತ್ತರದ ಗೋಡೆಯ ಮರೆಯಲ್ಲಿ ಮರ ಉಳಿಯಿತು, ಮನೆಯವರೂ ಉಳಿದರು. 1976ರಲ್ಲಿ ಜಪಾನೀಯರು ಅಮೆರಿಕಕ್ಕೆ ಸ್ನೇಹದ ಕಾಣಿಕೆಯಾಗಿ ಕೊಟ್ಟ 53 ಬೋನ್ಸಾಯಿಗಳಲ್ಲಿ ಅದೂ ಒಂದಾಗಿ ಹೋಯಿತು. ಅದು ಬಾಂಬಿನಿಂದ ಪಾರಾದ ಮರವೆಂಬ ಸಂಗತಿ 2001ರಲ್ಲಿ ಮೊಮ್ಮಕ್ಕಳು ಅದನ್ನು ನೋಡಲು ಬರುವವರೆಗೂ ಅಲ್ಲಿಯವರಿಗೆ ತಿಳಿದಿರಲಿಲ್ಲ. ಅದನ್ನು ಮೊದಲು ಕುಂಡಕ್ಕೆ ತಂದ ಕೈ ಯಾರದೋ. ಆ ಕೈಯ ಹಿಂದೆ ಒಂದರ ಬಳಿಕ ಒಂದು ಕೈ, ನಾಲ್ಕು ಶತಮಾನಗಳ ಕಾಲ ಒಂದು ದಿನವೂ ಮರೆಯದೆ ನೀರೆರೆದಿವೆ.

'ಅಜ್ಜ ನೆಟ್ಟ ಆಲದಮರವೆಂದು ನೇಣು ಹಾಕಿಕೊಳ್ಳಲಾದೀತೇ?' ಎಂದು ನಮ್ಮಲ್ಲಿ ಕೇಳುವುದುಂಟು. ಹಿರಿಯರದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಹೊತ್ತುಕೊಂಡು ತಿರುಗಬೇಕಿಲ್ಲವೆಂಬುದು ಅದರ ತಾತ್ಪರ್ಯ. ಕುಂಡದ ಆಲಕ್ಕೂ ಅದು ಸಲ್ಲುತ್ತದೆ. ಅಜ್ಜನ ಗತಿಸಿದ ಮೇಲೆ ಮೊಮ್ಮಗನಿಗೆ ಅದು ಭಾರವಾಗಿ ಕಂಡರೆ ಒಂದು ಬೇಸಿಗೆಯಲ್ಲಿ ಒಣಗಿಹೋಗುತ್ತದೆ. ಅದು ಉಳಿಯುವುದು ಮೊಮ್ಮಗ ಅದನ್ನು ತನ್ನದೆಂದು ಬಗೆದಾಗ ಮಾತ್ರ. ಆದಕಾರಣ ಬೇರು ಬಿಡಿಸುವ ದಿನ ಮನೆಯ ಮಕ್ಕಳಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು. ಬಿದಿರಿನ ಕಡ್ಡಿಯನ್ನು ಆ ಮಗುವಿನ ಕೈಗೆ ಕೊಟ್ಟು, ಯಾವ ಬೇರು ಸುತ್ತಿದೆ, ಯಾವುದು ನೇರವಾಗಿ ಹರಡಿದೆ ಎಂದು ಅದರ ಬಾಯಿಂದಲೇ ಹೇಳಿಸಬೇಕು. ಕುಂಡದ ಬದಿಗೆ ಇಸವಿಯನ್ನು ಗೀಚಿಡಲು ಹೇಳಬೇಕು. ಮರುವರ್ಷದ ಆರಿದ್ರೆಯಲ್ಲಿ ಕುಂಡವನ್ನು ತೆರೆಯುವ ಹೊತ್ತಿಗೆ ಆ ಮಗುವೇ ಜರಡಿಯನ್ನು ಹುಡುಕಿ ತಂದರೆ, ಅಜ್ಜನ ಕೆಲಸದ ದೊಡ್ಡ ಪಾಲು ಮುಗಿದಂತೆಯೇ.